ಮನೆಯ ಬ್ಯಾಟರಿ ಮತ್ತು ಸೌರ ವಿದ್ಯುತ್ತಿನ ರಫ್ತು ಹಣ: ಬ್ರಿಟನ್ನಿನ ಲೆಕ್ಕಾಚಾರ

ರಫ್ತು ಎಂದರೆ ಏನು

ಮನೆಯ ಚಾವಣಿಯ ಸೌರಫಲಕಗಳು ಹಗಲಿನಲ್ಲಿ ತಯಾರಿಸುವ ವಿದ್ಯುತ್ತೆಲ್ಲ ಆಗಲೇ ಮನೆಯೊಳಗೇ ಖರ್ಚಾಗುವುದಿಲ್ಲ. ಮನೆಯವರು ಕೆಲಸಕ್ಕೆ, ಶಾಲೆಗೆ ಹೋಗಿರುವ ಹೊತ್ತಿನಲ್ಲೇ ಬಿಸಿಲು ಜೋರಾಗಿರುತ್ತದೆ. ಹೀಗೆ ಉಳಿದ ವಿದ್ಯುತ್ತು ಮೀಟರನ್ನು ದಾಟಿ ಬೀದಿಯ ಜಾಲಕ್ಕೆ ಹರಿಯುತ್ತದೆ. ಮೀಟರಿನ ಭಾಷೆಯಲ್ಲಿ ಇದು ರಫ್ತು. ಜಾಲದಿಂದ ಮನೆಗೆ ಬರುವುದು ಆಮದು. ರಫ್ತಾದ ಪ್ರತಿ ಯೂನಿಟ್ಟಿಗೂ, ಅಂದರೆ ಪ್ರತಿ ಕಿಲೋವ್ಯಾಟ್-ಗಂಟೆಗೂ, ಮನೆಯವರಿಗೆ ಹಣ ಸಲ್ಲಬೇಕೆಂಬ ವ್ಯವಸ್ಥೆ ಹಲವು ದೇಶಗಳಲ್ಲಿದೆ.

ಈ ವ್ಯವಸ್ಥೆಗಳು ರೂಪುಗೊಂಡಾಗ ಮನೆಯಲ್ಲಿ ದೊಡ್ಡ ಬ್ಯಾಟರಿ ಇರಬಹುದೆಂಬ ಯೋಚನೆ ನಿಯಮ ಬರೆದವರಿಗೆ ಇದ್ದಂತಿಲ್ಲ. ಲಿಥಿಯಂ ಬ್ಯಾಟರಿಗಳ ಬೆಲೆ ಇಳಿದ ಮೇಲೆ ಪರಿಸ್ಥಿತಿ ಬದಲಾಯಿತು. ಮಧ್ಯಾಹ್ನದ ವಿದ್ಯುತ್ತನ್ನು ಮನೆಯಲ್ಲೇ ಹಿಡಿದಿಟ್ಟು ಸಂಜೆ ಬಳಸಬಹುದಾದರೆ, ಜಾಲಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಹಾಗಾದರೆ ಬರುವ ಹಣವೂ ಕಡಿಮೆಯಾಗುತ್ತದೆಯೇ? ಬ್ರಿಟನ್ನಿನಲ್ಲಿ ಒಂದೇ ಬೀದಿಯ ಎರಡು ಮನೆಗಳಿಗೆ ಈ ಪ್ರಶ್ನೆಯ ಉತ್ತರ ಬೇರೆ ಬೇರೆಯಾಗಿರುತ್ತದೆ. ಎರಡೂ ಮನೆಗಳ ಫಲಕ ಒಂದೇ, ಬ್ಯಾಟರಿಯೂ ಒಂದೇ ಆಗಿದ್ದರೂ, ರಫ್ತನ್ನು ಎಣಿಸುವ ವಿಧಾನ ಒಂದೇ ಆಗಿರುವುದಿಲ್ಲ.

ಬ್ರಿಟನ್ನಿನ ಎರಡು ಯೋಜನೆಗಳು

ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಫೀಡ್-ಇನ್ ಟ್ಯಾರಿಫ್ ಎಂಬ ಯೋಜನೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಇದರಡಿ ಮನೆಗೆ ಎರಡು ಬಗೆಯ ಹಣ ಬರುತ್ತದೆ. ಮೊದಲನೆಯದು ಉತ್ಪಾದನಾ ದರ: ಫಲಕ ತಯಾರಿಸಿದ ಪ್ರತಿ ಯೂನಿಟ್ಟಿಗೂ, ಅದನ್ನು ಮನೆಯವರೇ ಬಳಸಿಕೊಂಡರೂ, ಹಣ ಸಲ್ಲುತ್ತದೆ. ಎರಡನೆಯದು ರಫ್ತು ದರ. ಆರಂಭದಲ್ಲಿ ಸೇರಿದ, 4 ಕಿಲೋವ್ಯಾಟ್‌ವರೆಗಿನ ಮನೆಗಳಿಗೆ ಉತ್ಪಾದನಾ ದರ ಯೂನಿಟ್ಟಿಗೆ 41.3 ಪೆನ್ಸ್, ರಫ್ತು ದರ ಕೇವಲ 3 ಪೆನ್ಸ್ ಇತ್ತು. ಒಪ್ಪಂದದ ಅವಧಿ 25 ವರ್ಷ. ಹಣದುಬ್ಬರಕ್ಕೆ ತಕ್ಕಂತೆ ದರ ವರ್ಷವರ್ಷ ಏರುತ್ತದೆ. ಫಲಕಗಳ ಬೆಲೆ ಇಳಿದಂತೆ ಹೊಸಬರ ದರವನ್ನು ಸರ್ಕಾರ ಹಲವು ಬಾರಿ ಕಡಿತಗೊಳಿಸಿತು. 2012ರ ಆಗಸ್ಟಿನಿಂದ ಸೇರಿದವರಿಗೆ ಅವಧಿ 20 ವರ್ಷಕ್ಕೆ ಇಳಿಯಿತು, ರಫ್ತು ದರ 4.5 ಪೆನ್ಸ್‌ಗೆ ಏರಿತು. 2019ರ ಮಾರ್ಚ್ 31ಕ್ಕೆ ಹೊಸ ಸೇರ್ಪಡೆ ನಿಂತಿತು. ಅಷ್ಟರಲ್ಲಿ 8 ಲಕ್ಷಕ್ಕೂ ಹೆಚ್ಚು ಘಟಕಗಳು ನೋಂದಣಿಯಾಗಿದ್ದವು. ಅವುಗಳ ಒಪ್ಪಂದ ಇಂದಿಗೂ ನಡೆಯುತ್ತಿದೆ.

ಮುಂದಿನ ಒಂಬತ್ತು ತಿಂಗಳು ಹೊಸದಾಗಿ ಫಲಕ ಹಾಕಿಸಿದವರಿಗೆ ಸರ್ಕಾರಿ ಯೋಜನೆ ಯಾವುದೂ ಇರಲಿಲ್ಲ. 2020ರ ಜನವರಿ 1ರಂದು ಸ್ಮಾರ್ಟ್ ಎಕ್ಸ್‌ಪೋರ್ಟ್ ಗ್ಯಾರಂಟಿ ಬಂದಿತು. ಇದರಲ್ಲಿ ಉತ್ಪಾದನಾ ದರವಿಲ್ಲ, ರಫ್ತಿಗೆ ಮಾತ್ರ ಹಣ. ಒಂದೂವರೆ ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಗ್ರಾಹಕರಿರುವ ಪ್ರತಿ ವಿದ್ಯುತ್ ಕಂಪನಿಯೂ ಕನಿಷ್ಠ ಒಂದು ರಫ್ತು ದರವನ್ನು ಪ್ರಕಟಿಸಲೇಬೇಕು. ಆದರೆ ದರ ಎಷ್ಟಿರಬೇಕೆಂದು ಸರ್ಕಾರ ಹೇಳುವುದಿಲ್ಲ. ಅದು ಯಾವ ಹೊತ್ತಿನಲ್ಲೂ ಸೊನ್ನೆಗಿಂತ ಹೆಚ್ಚಿರಬೇಕು, ಅಷ್ಟೇ ನಿಯಮ. ಎರಡೂ ಯೋಜನೆಗಳ ಉಸ್ತುವಾರಿ ಇಂಧನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್‌ನದು.

ಅಳೆಯದೆ ಕೊಡುವ ಹಣ

ಹಳೆಯ ಯೋಜನೆಯ ಬಹುಪಾಲು ಮನೆಗಳಲ್ಲಿ ರಫ್ತನ್ನು ಅಳೆಯುವ ಮೀಟರೇ ಇರಲಿಲ್ಲ. ಪ್ರತಿ ಮನೆಗೂ ಅಂಥ ಮೀಟರು ಕೂರಿಸುವ ಖರ್ಚು ಸಣ್ಣ ರಫ್ತಿನ ಹಣಕ್ಕಿಂತ ದೊಡ್ಡದೆಂದು ಭಾವಿಸಿದ ಸರ್ಕಾರ ಸರಳ ದಾರಿ ಹಿಡಿಯಿತು. 30 ಕಿಲೋವ್ಯಾಟ್‌ವರೆಗಿನ ಸೌರ ಘಟಕವು ತಾನು ತಯಾರಿಸಿದ್ದರಲ್ಲಿ ಅರ್ಧದಷ್ಟನ್ನು ರಫ್ತು ಮಾಡುತ್ತದೆಂದು ಊಹಿಸಿಕೊಂಡು ಹಣ ಕೊಡುವುದು ಆ ದಾರಿ. ಇದನ್ನು ಅಂದಾಜು ರಫ್ತು ಎನ್ನಬಹುದು.

ಬ್ಯಾಟರಿಯ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಸ್ಪಷ್ಟವಾಗಿದೆ. ಅಂದಾಜು ರಫ್ತಿನ ಮನೆಗೆ ಬ್ಯಾಟರಿ ಹಾಕಿಸಿದರೆ ರಫ್ತು ಹಣದಲ್ಲಿ ಒಂದು ಪೆನ್ನಿಯೂ ಕಡಿಮೆಯಾಗುವುದಿಲ್ಲ. ಉದಾಹರಣೆಗೆ ಒಂದು ಮನೆಯ ಫಲಕಗಳು ವರ್ಷಕ್ಕೆ 3,600 ಯೂನಿಟ್ ತಯಾರಿಸುತ್ತವೆ ಎಂದುಕೊಳ್ಳೋಣ. ಅದರಲ್ಲಿ 1,400 ಯೂನಿಟ್ ಮನೆಯಲ್ಲೇ ಖರ್ಚಾಗಿ, 2,200 ಹೊರಗೆ ಹೋಗುತ್ತದೆ. ಹಣ ಬರುವುದು ಮಾತ್ರ ಅರ್ಧಕ್ಕೆ, ಅಂದರೆ 1,800 ಯೂನಿಟ್ಟಿಗೆ. ಈಗ ಬ್ಯಾಟರಿ ಬಂದು ವರ್ಷಕ್ಕೆ 1,000 ಯೂನಿಟ್ಟನ್ನು ಒಳಗೇ ಹಿಡಿದಿಟ್ಟಿತು. ನಿಜವಾದ ರಫ್ತು 1,200ಕ್ಕೆ ಇಳಿಯಿತು. ಹಣ ಆಗಲೂ 1,800 ಯೂನಿಟ್ಟಿಗೇ ಬರುತ್ತದೆ. ಬ್ಯಾಟರಿ ಇಲ್ಲದಾಗ ನಷ್ಟದಲ್ಲಿದ್ದ ಮನೆ, ಬ್ಯಾಟರಿ ಬಂದ ಮೇಲೆ ಹೊರಗೆ ಹೋಗದ 600 ಯೂನಿಟ್ಟಿಗೂ ಹಣ ಪಡೆಯುತ್ತದೆ. ಇದು ನಿಯಮಬದ್ಧವೇ ಹೊರತು ಕಳ್ಳದಾರಿಯಲ್ಲ. ಬ್ಯಾಟರಿ ಹಾಕಿಸಿದ ಸಂಗತಿಯನ್ನು ಹಣ ಕೊಡುವ ಕಂಪನಿಗೆ ತಿಳಿಸುವುದು ಮಾತ್ರ ಮನೆಯವರ ಕರ್ತವ್ಯ.

ಬ್ಯಾಟರಿ ತಂದರೆ ಹಳೆಯ ಒಪ್ಪಂದವೇ ರದ್ದಾದೀತೆಂಬ ಭಯ ಅನೇಕ ಹಿರಿಯ ಗ್ರಾಹಕರಲ್ಲಿದೆ. ಬ್ಯಾಟರಿಯನ್ನು ಸರಿಯಾದ ಜಾಗದಲ್ಲಿ ಜೋಡಿಸಿದ್ದರೆ ಆ ಭಯಕ್ಕೆ ಆಧಾರವಿಲ್ಲ.

ಬ್ಯಾಟರಿ ತಂತಿಯ ಯಾವ ಭಾಗದಲ್ಲಿದೆ

ಹಳೆಯ ಯೋಜನೆಯ ಮನೆಯಲ್ಲಿ ಫಲಕಗಳಿಂದ ಬಂದ ತಂತಿ ಮೊದಲು ಇನ್ವರ್ಟರಿಗೆ, ಅಲ್ಲಿಂದ ಉತ್ಪಾದನಾ ಮೀಟರಿಗೆ, ಆಮೇಲೆ ಮನೆಯ ಫ್ಯೂಸ್ ಪೆಟ್ಟಿಗೆಗೆ ಹೋಗುತ್ತದೆ. ಉತ್ಪಾದನಾ ಮೀಟರು ಅಂಗೈಯಗಲದ ಸಣ್ಣ ಪೆಟ್ಟಿಗೆ. ಅದರ ಅಂಕಿಯನ್ನು ಮೂರು ತಿಂಗಳಿಗೊಮ್ಮೆ ಓದಿ ಕಂಪನಿಗೆ ಕಳಿಸುವುದು ವಾಡಿಕೆ. ದೊಡ್ಡ ಮೊತ್ತ ನಿಂತಿರುವುದು ಈ ಅಂಕಿಯ ಮೇಲೆ.

ಬ್ಯಾಟರಿಯನ್ನು ಈ ಮೀಟರಿನ ನಂತರ, ಮನೆಯ ಎಸಿ ತಂತಿಗೆ, ತನ್ನದೇ ಇನ್ವರ್ಟರಿನೊಂದಿಗೆ ಜೋಡಿಸಿದರೆ ಮೀಟರು ಮೊದಲಿನಂತೆಯೇ ಫಲಕದ ಉತ್ಪಾದನೆಯನ್ನು ಮಾತ್ರ ಎಣಿಸುತ್ತದೆ. ಬ್ಯಾಟರಿಯನ್ನು ಮೀಟರಿಗಿಂತ ಮೊದಲು, ಫಲಕದ ಡಿಸಿ ತಂತಿಗೆ ಜೋಡಿಸಿದರೆ ಎರಡು ತೊಡಕುಗಳಿವೆ. ಬ್ಯಾಟರಿಯಲ್ಲಿ ಸೋರಿಹೋಗುವ ಶಕ್ತಿ ಮೀಟರಿಗೆ ತಲುಪದೆ ಉತ್ಪಾದನಾ ಹಣ ತುಸು ಇಳಿಯುತ್ತದೆ. ಇದು ಸಣ್ಣ ತೊಡಕು. ಬ್ಯಾಟರಿ ರಾತ್ರಿ ಜಾಲದಿಂದ ವಿದ್ಯುತ್ತು ತುಂಬಿಕೊಂಡು ಬೆಳಗ್ಗೆ ಅದನ್ನೇ ಮೀಟರಿನ ಮೂಲಕ ಹೊರಬಿಟ್ಟರೆ, ಕೊಂಡು ತಂದ ವಿದ್ಯುತ್ತು ಸೌರ ಉತ್ಪಾದನೆಯೆಂದು ದಾಖಲಾಗುತ್ತದೆ. ಇದು ದೊಡ್ಡ ತೊಡಕು. ಹಾಗೆ ಹಣ ಪಡೆಯುವುದು ನಿಯಮಬಾಹಿರ. ಆದ್ದರಿಂದ ಹಳೆಯ ಒಪ್ಪಂದವಿರುವ ಮನೆಗೆ ಎಸಿ ಜೋಡಣೆಯೇ ಸೂಕ್ತ. ಹೊಸ ಯೋಜನೆಯಲ್ಲಿ ಉತ್ಪಾದನಾ ದರವೇ ಇಲ್ಲದಿರುವುದರಿಂದ ಈ ತೊಡಕುಗಳು ಬರುವುದಿಲ್ಲ. ಹೊಸ ಮನೆಗಳಲ್ಲಿ ಫಲಕಕ್ಕೂ ಬ್ಯಾಟರಿಗೂ ಒಂದೇ ಹೈಬ್ರಿಡ್ ಇನ್ವರ್ಟರು ಸಾಮಾನ್ಯವಾಗಿದೆ.

ಅಳೆದು ಕೊಡುವ ಹಣ

ಸ್ಮಾರ್ಟ್ ಎಕ್ಸ್‌ಪೋರ್ಟ್ ಗ್ಯಾರಂಟಿಯಡಿ ಅಂದಾಜಿಗೆ ಜಾಗವಿಲ್ಲ. ಸ್ಮಾರ್ಟ್ ಮೀಟರು ಪ್ರತಿ ಅರ್ಧ ಗಂಟೆಗೊಮ್ಮೆ, ದಿನಕ್ಕೆ 48 ಬಾರಿ, ಆಮದು ಎಷ್ಟು ರಫ್ತು ಎಷ್ಟು ಎಂದು ಬೇರೆ ಬೇರೆಯಾಗಿ ದಾಖಲಿಸಬಲ್ಲದು. ಆಮದಿಗೆ ಇರುವಂತೆ ರಫ್ತಿಗೂ 13 ಅಂಕಿಗಳ ಪ್ರತ್ಯೇಕ ಗುರುತು ಸಂಖ್ಯೆ ನೀಡಲಾಗುತ್ತದೆ. ಇಲ್ಲಿ ಬ್ಯಾಟರಿ ಹಿಡಿದಿಟ್ಟ ಪ್ರತಿ ಯೂನಿಟ್ಟೂ ರಫ್ತಿನ ಲೆಕ್ಕದಿಂದ ನೇರವಾಗಿ ಕಳೆದುಹೋಗುತ್ತದೆ.

ಹಾಗೆಂದು ಬ್ಯಾಟರಿ ನಷ್ಟವೆಂದು ಹೇಳಲಾಗದು. ಮೇಲಿನ ಮನೆಯನ್ನೇ ತೆಗೆದುಕೊಳ್ಳೋಣ. ಬ್ಯಾಟರಿಗೆ ಹಾಕಿದ್ದೆಲ್ಲ ಮರಳಿ ಸಿಗುವುದಿಲ್ಲ. ತುಂಬುವಾಗ, ತೆಗೆಯುವಾಗ ಸುಮಾರು ಶೇ. 10ರಷ್ಟು ಶಾಖವಾಗಿ ಹೋಗುತ್ತದೆಂದು ಇಟ್ಟುಕೊಂಡರೆ, 1,000 ಯೂನಿಟ್ ಹಾಕಿದಾಗ ಮನೆಗೆ ಸಿಗುವುದು 900. ಕೊಳ್ಳುವ ದರ 25 ಪೆನ್ಸ್ ಇದ್ದರೆ ಆ 900 ಯೂನಿಟ್ಟಿನಿಂದ ಉಳಿಯುವುದು 225 ಪೌಂಡ್. ರಫ್ತು ದರ 4 ಪೆನ್ಸ್ ಇದ್ದರೆ 1,000 ಯೂನಿಟ್ಟಿನ ರಫ್ತು ತಪ್ಪಿದ್ದರಿಂದ ಹೋಗುವುದು 40 ಪೌಂಡ್. ನಿವ್ವಳ ಲಾಭ 185. ಅದೇ ರಫ್ತು ದರ 15 ಪೆನ್ಸ್ ಇದ್ದರೆ ಹೋಗುವುದು 150 ಪೌಂಡ್. ನಿವ್ವಳ ಲಾಭ ಬರೀ 75. ಕೊಳ್ಳುವ ದರದ ಶೇ. 90, ಅಂದರೆ 22.5 ಪೆನ್ಸ್, ಇಲ್ಲಿನ ಗಡಿ. ರಫ್ತು ದರ ಅದನ್ನು ದಾಟಿದರೆ ಸೌರ ವಿದ್ಯುತ್ತನ್ನು ಬ್ಯಾಟರಿಗೆ ತುಂಬುವುದಕ್ಕಿಂತ ಮಾರುವುದೇ ಲೇಸು.

ಇದರಿಂದ ಹೊರಡುವ ಮಾತು ಮೊದಲ ಓದಿಗೆ ವಿಚಿತ್ರವಾಗಿ ಕಾಣಬಹುದು, ಆದರೂ ಗಟ್ಟಿಯಾದದ್ದು: ರಫ್ತಿಗೆ ಒಳ್ಳೆಯ ದರ ಸಿಕ್ಕಷ್ಟೂ, ಸೌರ ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಯಿಂದ ಸಿಗುವ ಲಾಭ ಇಳಿಯುತ್ತದೆ. ಮಾರಾಟಗಾರರ ಕರಪತ್ರಗಳಲ್ಲಿ 225 ಪೌಂಡ್ ಕಾಣುತ್ತದೆ. ಕಳೆಯಬೇಕಾದ 150 ಅನೇಕ ವೇಳೆ ಕಾಣುವುದಿಲ್ಲ.

ಋತುವಿನ ಪಾತ್ರವನ್ನೂ ಮರೆಯುವಂತಿಲ್ಲ. ಲಂಡನ್ 51 ಡಿಗ್ರಿ ಉತ್ತರ ಅಕ್ಷಾಂಶದಾಚೆ ಇದೆ. ಜೂನಿನಲ್ಲಿ ಹಗಲು 16 ಗಂಟೆಗೂ ಹೆಚ್ಚು, ಡಿಸೆಂಬರಿನಲ್ಲಿ 8 ಗಂಟೆಗೂ ಕಡಿಮೆ. ಬೇಸಿಗೆಯಲ್ಲಿ ಬ್ಯಾಟರಿ ಮಧ್ಯಾಹ್ನಕ್ಕೆ ಮೊದಲೇ ತುಂಬಿ, ಉಳಿದದ್ದೆಲ್ಲ ರಫ್ತಾಗುತ್ತದೆ. ಚಳಿಗಾಲದಲ್ಲಿ ಅನೇಕ ದಿನ ಬಿಸಿಲಿನಿಂದ ಅದು ಕಾಲು ಭಾಗವೂ ತುಂಬುವುದಿಲ್ಲ. ಹಾಗಾಗಿ ರಫ್ತು ಹಣದ ಇಳಿಕೆ ವರ್ಷದುದ್ದಕ್ಕೂ ಸಮನಾಗಿ ಹಂಚಿಕೊಂಡಿರದೆ, ವಸಂತದಿಂದ ಶರತ್ಕಾಲದವರೆಗಿನ ತಿಂಗಳುಗಳಲ್ಲೇ ತೋರುತ್ತದೆ.

ಬ್ಯಾಟರಿ ತೀರ್ಮಾನ ಮಾಡುವ ಬಗೆ

ಫಲಕದ ವಿದ್ಯುತ್ತು ಯಾವಾಗ ಬ್ಯಾಟರಿಗೆ, ಯಾವಾಗ ಬೀದಿಗೆ ಎಂಬುದನ್ನು ನಿರ್ಧರಿಸಲು ಒಂದು ಸಣ್ಣ ಸಾಧನ ನೆರವಾಗುತ್ತದೆ. ಮುಖ್ಯ ಮೀಟರಿನಿಂದ ಹೊರಟ ದಪ್ಪ ತಂತಿಯ ಸುತ್ತ ಕಚ್ಚಿಕೊಂಡಿರುವ, ಬೆಂಕಿಪೊಟ್ಟಣದಷ್ಟು ದೊಡ್ಡ ಸಿಟಿ ಕ್ಲ್ಯಾಂಪ್ ಎಂಬ ಸಂವೇದಕ ಅದು. ತಂತಿಯಲ್ಲಿ ವಿದ್ಯುತ್ತು ಯಾವ ದಿಕ್ಕಿಗೆ, ಎಷ್ಟು ಹರಿಯುತ್ತಿದೆಯೆಂದು ಅದು ಕ್ಷಣಕ್ಷಣಕ್ಕೂ ಬ್ಯಾಟರಿಯ ನಿಯಂತ್ರಕಕ್ಕೆ ತಿಳಿಸುತ್ತದೆ. ಹೊರಮುಖ ಹರಿವು ಕಂಡರೆ ಬ್ಯಾಟರಿ ತುಂಬಲಾರಂಭಿಸುತ್ತದೆ. ಒಳಮುಖ ಹರಿವು ಕಂಡರೆ ತನ್ನಲ್ಲಿರುವುದನ್ನು ಕೊಡಲಾರಂಭಿಸುತ್ತದೆ. ಎರಡೂ ಕಡೆಯ ಹರಿವು ಸೊನ್ನೆಯ ಹತ್ತಿರ ಉಳಿಯಬೇಕೆಂಬುದು ಅದರ ಗುರಿ.

ಕ್ಲ್ಯಾಂಪಿನ ಮೈಮೇಲೆ ಬಾಣದ ಗುರುತು ಇರುತ್ತದೆ. ಅದನ್ನು ತಿರುಗುಮುರುಗು ಹಾಕಿದರೆ ನಿಯಂತ್ರಕಕ್ಕೆ ಆಮದು ರಫ್ತಾಗಿ, ರಫ್ತು ಆಮದಾಗಿ ಕಾಣುತ್ತದೆ. ಆಗ ಬ್ಯಾಟರಿ ಬಿಸಿಲಿದ್ದಾಗ ಬೀದಿಗೆ ಖಾಲಿಯಾಗಿ, ಕತ್ತಲಾದ ಮೇಲೆ ಜಾಲದಿಂದ ತುಂಬಿಕೊಳ್ಳುತ್ತದೆ. ಹೊಸ ಬ್ಯಾಟರಿ ಬಂದ ತಿಂಗಳಲ್ಲೇ ಬಿಲ್ಲು ಏರಿದರೆ ಮೊದಲು ನೋಡಬೇಕಾದದ್ದು ಈ ಬಾಣವನ್ನೇ.

ಸರಿಯಾಗಿ ಜೋಡಿಸಿದಾಗಲೂ ಹರಿವು ಪೂರ್ತಿ ಸೊನ್ನೆಯಾಗುವುದಿಲ್ಲ. 3 ಕಿಲೋವ್ಯಾಟಿನ ಕೆಟಲ್ ಹಾಕಿದ ಕೂಡಲೆ ಬ್ಯಾಟರಿ ಎಚ್ಚೆತ್ತುಕೊಳ್ಳಲು ಕೆಲವು ಕ್ಷಣ ಬೇಕು. ಅದರ ಇನ್ವರ್ಟರು 2.5 ಕಿಲೋವ್ಯಾಟ್ ಮಾತ್ರ ಕೊಡಬಲ್ಲದಾದರೆ ಉಳಿದ ಅರ್ಧ ಕಿಲೋವ್ಯಾಟ್ ಜಾಲದಿಂದಲೇ ಬರುತ್ತದೆ. ಹೀಗಾಗಿ ಬ್ಯಾಟರಿ ತುಂಬಿದ್ದರೂ ಬಿಲ್ಲಿನಲ್ಲಿ ಅಲ್ಪಸ್ವಲ್ಪ ಆಮದು, ಅಲ್ಪಸ್ವಲ್ಪ ರಫ್ತು ಇದ್ದೇ ಇರುತ್ತದೆ.

ಗಂಟೆಗೊಂದು ದರವಿದ್ದಾಗ

ಇಷ್ಟು ಹೊತ್ತು ನೋಡಿದ್ದು ಇಡೀ ದಿನಕ್ಕೆ ಒಂದೇ ದರವಿರುವ ಸ್ಥಿತಿ. ಹೊತ್ತಿಗೆ ತಕ್ಕ ದರ ಬಂದಾಗ ಬ್ಯಾಟರಿಯ ಪಾತ್ರವೇ ಬದಲಾಗುತ್ತದೆ. ಬ್ರಿಟನ್ನಿನ ಆಕ್ಟೋಪಸ್ ಎನರ್ಜಿ ಕಂಪನಿ 2023ರಲ್ಲಿ ತಂದ ಫ್ಲಕ್ಸ್ ಎಂಬ ದರಪಟ್ಟಿಯಲ್ಲಿ ಬೆಳಗಿನ ಜಾವ 2ರಿಂದ 5ರವರೆಗೆ ಆಮದು ಅಗ್ಗ. ಸಂಜೆ 4ರಿಂದ 7ರವರೆಗೆ ಆಮದು ದುಬಾರಿ, ರಫ್ತಿನ ದರವೂ ಹೆಚ್ಚು. ಇಡೀ ದೇಶ ಅಡುಗೆಗೆ, ದೀಪಕ್ಕೆ, ಮನೆ ಬಿಸಿಮಾಡಲು ವಿದ್ಯುತ್ತು ಕೇಳುವ ಹೊತ್ತು ಅದು. ಬ್ಯಾಟರಿ ಮಧ್ಯಾಹ್ನದ ಬಿಸಿಲನ್ನು ಹಿಡಿದು ಆ ಮೂರು ಗಂಟೆಗಳಲ್ಲಿ ಮಾರಿದರೆ, ರಫ್ತಾದ ಯೂನಿಟ್ಟುಗಳು ತುಸು ಕಡಿಮೆಯಾದರೂ ಕೈಗೆ ಬರುವ ಹಣ ಹೆಚ್ಚಾಗಬಹುದು.

ಇನ್ನೊಂದು ದಾರಿ ಇದಕ್ಕಿಂತ ಹೆಚ್ಚು ಮನೆಗಳಿಗೆ ಒಪ್ಪುತ್ತದೆ. ರಾತ್ರಿಯ ದರ 7 ಪೆನ್ಸ್, ರಫ್ತಿನ ದರ 15 ಪೆನ್ಸ್ ಎಂದುಕೊಳ್ಳೋಣ. 5 ಯೂನಿಟ್ಟಿನ ಬ್ಯಾಟರಿಯನ್ನು ಬಿಸಿಲಿನ ಬದಲು ರಾತ್ರಿಯ ಅಗ್ಗದ ವಿದ್ಯುತ್ತಿನಿಂದ ತುಂಬಿದರೆ ಖರ್ಚು 35 ಪೆನ್ಸ್. ಬ್ಯಾಟರಿ ಮೊದಲೇ ತುಂಬಿರುವುದರಿಂದ ಹಗಲಿನ 5 ಯೂನಿಟ್ ಸೌರ ವಿದ್ಯುತ್ತು ಹೊರಗೆ ಹೋಗಿ 75 ಪೆನ್ಸ್ ತರುತ್ತದೆ. ದಿನಕ್ಕೆ 40 ಪೆನ್ಸ್ ಲಾಭ. ಬ್ಯಾಟರಿ ಬಂದರೆ ರಫ್ತು ಹಣ ಇಳಿಯುತ್ತದೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ: ಇಂಥ ಮನೆಯಲ್ಲಿ ಬ್ಯಾಟರಿಯ ಕಾರಣದಿಂದಲೇ ರಫ್ತು ಉಳಿಯುತ್ತದೆ, ಕೆಲವೊಮ್ಮೆ ಏರುತ್ತದೆ. ಇಂಥ ದರ ಬೇಕಾದರೆ ಆಮದೂ ಅದೇ ಕಂಪನಿಯಿಂದಾಗಬೇಕೆಂಬ ಷರತ್ತು ಸಾಮಾನ್ಯ.

ಜಾಲದ ವಿದ್ಯುತ್ತನ್ನೇ ಮರಳಿ ಮಾರಿದರೆ

ರಾತ್ರಿ 7 ಪೆನ್ಸ್‌ಗೆ ಕೊಂಡು, ಹಗಲು ಅದನ್ನೇ 15 ಪೆನ್ಸ್‌ಗೆ ಮಾರಬಹುದಲ್ಲವೇ ಎಂಬ ಆಲೋಚನೆ ಸಹಜ. ಮೀಟರಿಗೆ ಯೂನಿಟ್ಟಿನ ಮೂಲ ತಿಳಿಯದು. ಬಿಸಿಲಿನದೂ ಗ್ಯಾಸ್ ಸ್ಥಾವರದ್ದೂ ಅದರ ಕಣ್ಣಿಗೆ ಒಂದೇ. ಸ್ಮಾರ್ಟ್ ಎಕ್ಸ್‌ಪೋರ್ಟ್ ಗ್ಯಾರಂಟಿಯ ಉದ್ದೇಶ ಕಡಿಮೆ ಇಂಗಾಲದ ವಿದ್ಯುತ್ತಿಗೆ ಬೆಲೆ ಕೊಡುವುದಾದ್ದರಿಂದ, ಜಾಲದಿಂದ ಬಂದು ಜಾಲಕ್ಕೇ ಮರಳುವ ವಿದ್ಯುತ್ತಿಗೆ ಹಣ ಕೊಡಬೇಕೇ ಬೇಡವೇ ಎಂಬ ತೀರ್ಮಾನವನ್ನು ಕಂಪನಿಗಳಿಗೇ ಬಿಡಲಾಗಿದೆ. ಕೆಲವು ಕಂಪನಿಗಳು ಎಲ್ಲ ರಫ್ತಿಗೂ ಹಣ ಕೊಡುತ್ತವೆ, ಕೆಲವು ಸೌರ ವಿದ್ಯುತ್ತಿಗೆ ಮಾತ್ರ ಎಂದು ಷರತ್ತು ಬರೆದಿವೆ. ಷರತ್ತು ಓದದೆ ಬ್ಯಾಟರಿಯನ್ನು ಆ ಕ್ರಮಕ್ಕೆ ಹೊಂದಿಸುವುದು ತಪ್ಪು.

ಹಳೆಯ ಒಪ್ಪಂದ ಬಿಡಬೇಕೆ

ಫೀಡ್-ಇನ್ ಟ್ಯಾರಿಫಿನ ಮನೆಗಳಿಗೆ ಒಂದು ಆಯ್ಕೆಯಿದೆ. ಉತ್ಪಾದನಾ ದರವನ್ನು ಹಾಗೇ ಇಟ್ಟುಕೊಂಡು, ರಫ್ತು ದರವನ್ನು ಮಾತ್ರ ಬಿಟ್ಟು, ಸ್ಮಾರ್ಟ್ ಮೀಟರು ಹಾಕಿಸಿ ಮಾರುಕಟ್ಟೆಯ ರಫ್ತು ದರಕ್ಕೆ ಹೋಗಬಹುದು. ಬ್ಯಾಟರಿ ಇಲ್ಲದ, ಹಗಲು ಖಾಲಿಯಿರುವ ಮನೆಗೆ ಇದು ಬಹುತೇಕ ಲಾಭದಾಯಕ, ಏಕೆಂದರೆ ಆ ಮನೆ ಅರ್ಧಕ್ಕಿಂತ ಹೆಚ್ಚನ್ನು ರಫ್ತು ಮಾಡುತ್ತಿರುತ್ತದೆ ಮತ್ತು ದರವೂ ಹಳೆಯದಕ್ಕಿಂತ ಹೆಚ್ಚಿರಬಹುದು. ಬ್ಯಾಟರಿಯನ್ನು ಬಿಸಿಲಿನಿಂದಲೇ ತುಂಬಿ ಬಹುಪಾಲನ್ನು ಒಳಗೇ ಬಳಸುವ ಮನೆ ಅವಸರ ಮಾಡಬಾರದು. ನಿಜವಾದ ರಫ್ತು ತೀರ ಕಡಿಮೆಯಿದ್ದರೆ, ಅಂದಾಜಿನ ಮೇಲೆ ಬರುತ್ತಿದ್ದ ಹಣವೇ ದೊಡ್ಡದಾಗಿರಬಹುದು.

2024ರ ಫೆಬ್ರವರಿ 1ರಿಂದ ಬ್ಯಾಟರಿಯನ್ನು ಪ್ರತ್ಯೇಕವಾಗಿ ಹಾಕಿಸಿದರೂ ಶೇ. 20ರ ವ್ಯಾಟ್ ತೆರಿಗೆ ಸೊನ್ನೆಯಾಯಿತು. ಅದುವರೆಗೆ ಫಲಕದ ಜೊತೆಯಲ್ಲೇ ಹಾಕಿಸಿದರೆ ಮಾತ್ರ ಈ ವಿನಾಯಿತಿ ಇತ್ತು. ಹಳೆಯ ಫಲಕವಿರುವ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಎದ್ದದ್ದಕ್ಕೆ ಇದೂ ಒಂದು ಕಾರಣ.

ರಫ್ತಿಗೆ ಮಿತಿಯಿದ್ದಾಗ

ಒಂದೇ ಫೇಸ್ ಇರುವ ಮನೆಯಿಂದ 16 ಆಂಪಿಯರ್, ಅಂದರೆ 3.68 ಕಿಲೋವ್ಯಾಟ್‌ವರೆಗೆ ಜಾಲಕ್ಕೆ ಹರಿಸುವ ಘಟಕವನ್ನು ಹಾಕಿಸಿದ ಮೇಲೆ ವಿತರಣಾ ಕಂಪನಿಗೆ ತಿಳಿಸಿದರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಮುಂಚಿತವಾಗಿ ಅನುಮತಿ ಬೇಕು. ಬ್ಯಾಟರಿಯ ಇನ್ವರ್ಟರನ್ನೂ ಈ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಕಂಪನಿ ರಫ್ತಿಗೆ ಮಿತಿ ಹಾಕಿದರೆ, ಮಿತಿ ಮೀರಿದ ಬಿಸಿಲು ಬ್ಯಾಟರಿಯಿಲ್ಲದ ಮನೆಯಲ್ಲಿ ವ್ಯರ್ಥ. ಬ್ಯಾಟರಿ ಅದನ್ನು ಹಿಡಿದುಕೊಂಡಾಗ ರಫ್ತು ಹಣಕ್ಕೆ ಯಾವ ಕುಂದೂ ಇಲ್ಲ, ಸಿಕ್ಕಿದ್ದೆಲ್ಲ ಲಾಭ.

ಬೇರೆ ದೇಶಗಳಲ್ಲಿ

ಕ್ಯಾಲಿಫೋರ್ನಿಯಾ 2023ರ ಏಪ್ರಿಲ್ 15ರ ನಂತರದ ಹೊಸ ಅರ್ಜಿದಾರರಿಗೆ ರಫ್ತಿನ ಬೆಲೆಯನ್ನು ಸರಾಸರಿ ಮುಕ್ಕಾಲು ಪಾಲಿನಷ್ಟು ತಗ್ಗಿಸಿತು. ಅಲ್ಲಿ ಬ್ಯಾಟರಿಯಿಲ್ಲದ ಫಲಕ ಈಗ ಆಕರ್ಷಕವಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಹಳೆಯ ಗ್ರಾಹಕರಿಗೆ ಯೂನಿಟ್ಟಿಗೆ 44 ಸೆಂಟ್ ಕೊಡುವ ಯೋಜನೆ 2028ರವರೆಗೆ ಇದೆ. ಬ್ಯಾಟರಿಯ ನೆರವಿನಿಂದ ರಫ್ತನ್ನು ಹಿಗ್ಗಿಸಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಕರ್ನಾಟಕದ ಸ್ಥಿತಿ

ಕರ್ನಾಟಕದ ಮನೆಗಳ ಸೌರ ಚಾವಣಿಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದು ನೆಟ್ ಮೀಟರಿಂಗ್. ಬಿಲ್ಲಿನ ಅವಧಿಯಲ್ಲಿ ಆದ ರಫ್ತನ್ನು ಆಮದಿನಿಂದ ಯೂನಿಟ್ಟಿಗೆ ಯೂನಿಟ್ ಕಳೆಯಲಾಗುತ್ತದೆ. ಅದನ್ನೂ ಮೀರಿ ರಫ್ತು ಉಳಿದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸಿದ ದರದಲ್ಲಿ ಹಣ. 2013ರ ಆದೇಶದಲ್ಲಿ ಆಯೋಗ ಸಬ್ಸಿಡಿ ಪಡೆಯದ ಚಾವಣಿ ಘಟಕಗಳಿಗೆ ಯೂನಿಟ್ಟಿಗೆ 9.56 ರೂಪಾಯಿ ನಿಗದಿಪಡಿಸಿತ್ತು. ಮುಂದೆ ದರಗಳು ಇಳಿದವು.

ನೆಟ್ ಮೀಟರಿಂಗಿನಲ್ಲಿ ಜಾಲವೇ ಊರ ಕಣಜದಂತೆ: ಹಗಲು ಅಳೆದು ಹಾಕಿದ 100 ಯೂನಿಟ್ಟನ್ನು ರಾತ್ರಿ 100ಕ್ಕೆ 100 ಮರಳಿ ಪಡೆಯಬಹುದು. ಮನೆಯ ಬ್ಯಾಟರಿಯಾದರೆ 100 ಹಾಕಿ 90 ತೆಗೆಯಬೇಕು. ಹಾಗಾಗಿ ಬಿಲ್ಲನ್ನು ಇಳಿಸಲೆಂದೋ ರಫ್ತು ಹಣ ಹೆಚ್ಚಿಸಲೆಂದೋ ನೆಟ್ ಮೀಟರಿಂಗ್ ಮನೆಗೆ ಬ್ಯಾಟರಿ ತರುವುದರಲ್ಲಿ ಅರ್ಥವಿಲ್ಲ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟ್ ಅಥವಾ ಹೆಚ್ಚಿನ ಘಟಕಕ್ಕೆ 78,000 ರೂಪಾಯಿ ಸಹಾಯಧನ ಪಡೆಯುವ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ.

ಇಲ್ಲಿ ಬ್ಯಾಟರಿಗೆ ಬೇರೆ ಕಾರಣವಿದೆ. ಕರೆಂಟು ಹೋದಾಗ ಜಾಲಕ್ಕೆ ಜೋಡಿಸಿದ ಸೌರ ಇನ್ವರ್ಟರು ಬಿಸಿಲಿದ್ದರೂ ತಾನೇ ನಿಂತುಬಿಡುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಆಘಾತವಾಗದಿರಲೆಂದು ಕಡ್ಡಾಯಗೊಳಿಸಿದ ರಕ್ಷಣೆ ಅದು. ಆ ಹೊತ್ತಿನಲ್ಲೂ ಮನೆಯ ದೀಪ, ಫ್ರಿಜ್ಜು ನಡೆಯಬೇಕಾದರೆ ಬ್ಯಾಟರಿ ಮತ್ತು ಅದಕ್ಕೆ ಹೊಂದುವ ಹೈಬ್ರಿಡ್ ಇನ್ವರ್ಟರು ಬೇಕು. ಅದು ನೆಮ್ಮದಿಗಾಗಿ ಮಾಡುವ ಖರ್ಚು, ಆದಾಯದ ಮಾರ್ಗವಲ್ಲ.

ಬ್ಯಾಟರಿ ಕೊಳ್ಳುವವರು, ಬ್ರಿಟನ್ನಿನಲ್ಲಿರಲಿ ಬೆಂಗಳೂರಿನಲ್ಲಿರಲಿ, ಮಾರಾಟಗಾರರು ಕೊಟ್ಟ ಉಳಿತಾಯದ ಪಟ್ಟಿಯಲ್ಲಿ ತಪ್ಪಿಹೋಗುವ ರಫ್ತಿನ ಮೌಲ್ಯವನ್ನೂ ಬ್ಯಾಟರಿಯ ಸೋರಿಕೆಯನ್ನೂ ಕಳೆದಿದ್ದಾರೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು.